ಮಲೆನಾಡಿನಲ್ಲಿ ಹಳೆಯ ಯೆಜ್ಡಿ ಸಾಕುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಹಳೆಯ ಜಾವಾ, ಯೆಜ್ಡಿ ಬೈಕು ಇಟ್ಟುಕೊಂಡಿರುವ ಗೆಳೆಯರ ಬಳಗ ನಮ್ಮದು. ಹೊಸಬರು ಬಂದಾಗಲೆಲ್ಲ ಇವೇ ಪ್ರಶ್ನೆಗಳು ಏಳುತ್ತವೆ, ನಾವೂ ಇವೇ ಉತ್ತರ ಕೊಡುತ್ತೇವೆ. ಬರೆದಿಟ್ಟರೆ ಎರಡೂ ಕಡೆಯವರ ಗಂಟಲು ಉಳಿಯುತ್ತದೆ. ಇಲ್ಲಿರುವ ಅಭಿಪ್ರಾಯಗಳಿಗೆ ಬಳಗದೊಳಗೇ ತಕರಾರಿದೆ. ಆಯಿಲ್ ಎಷ್ಟು ಹಾಕಬೇಕೆಂಬ ವಿಷಯದಲ್ಲಂತೂ ಅಣ್ಣತಮ್ಮಂದಿರೇ ಮಾತು ಬಿಟ್ಟಿದ್ದಾರೆ.

ನಿಂತುಹೋದ ಕಂಪನಿಯ ಗಾಡಿಗೆ ಇಷ್ಟೊಂದು ಹುಚ್ಚು ಏಕೆ?

ಅದು ನಮ್ಮ ರಾಜ್ಯದಲ್ಲೇ ಹುಟ್ಟಿದ ಗಾಡಿ ಎಂಬುದು ಮೊದಲ ಕಾರಣ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಐಡಿಯಲ್ ಜಾವಾ ಕಂಪನಿ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಬೈಕು ತಯಾರಿಸಲು ತೊಡಗಿತು. ಕಟ್ಟಿದವರು ಇರಾನಿ ಮನೆತನದ ರುಸ್ತುಂ ಮತ್ತು ಫಾರೂಖ್. ಬೆಂಬಲವಾಗಿ ನಿಂತವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಎರಡನೆಯದು ಸದ್ದು. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಎರಡು ಸ್ಟ್ರೋಕಿನ ಆ 250 ಸಿಸಿ ಎಂಜಿನ್ ಮಂಡಗದ್ದೆಯ ತಿರುವಿನಲ್ಲಿ ಬರುತ್ತಿದ್ದರೆ ಬರುತ್ತಿರುವ ಗಾಡಿ ಯಾವುದೆಂದು ಕಣ್ಣು ಮುಚ್ಚಿ ಹೇಳಬಹುದು. ಮೂರನೆಯದು, ನಮ್ಮ ಪಾಲಿಗೆ ಎಲ್ಲಕ್ಕಿಂತ ದೊಡ್ಡದು: ಇದನ್ನು ಮನೆಯ ಜಗಲಿಯ ಮೇಲೆ ಬಿಚ್ಚಿ ಜೋಡಿಸಬಹುದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕೆಟ್ಟರೆ ಏನು ಕೆಟ್ಟಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ಯಾವ ಮಾದರಿ ಕೊಂಡರೆ ಒಳ್ಳೆಯದು?

ದಿನವೂ ಓಡಿಸುವ ಆಸೆ ಇದ್ದರೆ ರೋಡ್‌ಕಿಂಗ್. 1978ರಿಂದ ಕಂಪನಿ ಮುಚ್ಚುವವರೆಗೂ ತಯಾರಾದದ್ದರಿಂದ ಗಾಡಿಯೂ ಸಿಗುತ್ತದೆ, ಸಾಮಾನೂ ಸಿಗುತ್ತದೆ. ಓಟದಲ್ಲಿ ಚುರುಕು, ಆ ಕಾಲದ ಕಾಲೇಜು ಹುಡುಗರ ಪಾಲಿಗೆ ಅದೇ ಸ್ಪೋರ್ಟ್ಸ್ ಗಾಡಿ. ತೋಟದ ದಾರಿ, ಮಣ್ಣಿನ ರಸ್ತೆಗೆ ಕ್ಲಾಸಿಕ್ ಹಾಗೂ ಸಿಎಲ್ ಟು ಸಾಕು, ನಿಧಾನವಾಗಿ ಎಳೆಯುವ ಗುಣ ಇವುಗಳಲ್ಲಿ ಚೆನ್ನಾಗಿದೆ. 1960ರ ದಶಕದ ಜಾವಾ ನೋಡಲು ಅತ್ಯಂತ ಸುಂದರ, ಟ್ಯಾಂಕಿನ ಕ್ರೋಮ್ ಮತ್ತು ಗುಂಡಗಿನ ಟೂಲ್ ಬಾಕ್ಸ್ ನೋಡಿಯೇ ಅರ್ಧ ಜನ ಬಲೆಗೆ ಬೀಳುತ್ತಾರೆ. ಆದರೆ ಅದರ ಆರು ವೋಲ್ಟಿನ ದೀಪ ರಾತ್ರಿ ಹೊಸನಗರದ ಕಾಡುದಾರಿಗೆ ಸಾಲದು. ಮೊನಾರ್ಕ್, 175 ಸಿಗುವುದು ಅಪರೂಪ. ಎರಡು ಸಿಲಿಂಡರಿನ 350ಕ್ಕೆ ಕೈಹಾಕುವ ಮೊದಲು ಬಿಡಿಭಾಗಕ್ಕೆ ದಾರಿ ಮಾಡಿಕೊಂಡಿರಿ. ಮೊದಲ ಗಾಡಿಯಾಗಿ ಅದು ಬೇಡವೇ ಬೇಡ.

ಬೆಲೆ ಎಷ್ಟು ಕೊಡಬಹುದು?

ಇಲ್ಲಿ ಅಂಕಿ ಬರೆದರೆ ನಾಳೆಯೇ ಯಾರೋ ಅದನ್ನು ಹಿಡಿದುಕೊಂಡು ಚೌಕಾಸಿಗೆ ನಿಲ್ಲುತ್ತಾರೆ. ಇಷ್ಟು ಹೇಳಬಹುದು: ಹೊಳೆಯುವ ಬಣ್ಣಕ್ಕೆ ದುಡ್ಡು ಕೊಡಬೇಡಿ, ದಾಖಲೆಗೆ ಮತ್ತು ಒಳಗಿನ ಎಂಜಿನ್‌ಗೆ ಕೊಡಿ. ಮಾರುವುದಕ್ಕೆಂದೇ ಬಣ್ಣ ಬಳಿದು ಸ್ಟಿಕ್ಕರ್ ಅಂಟಿಸಿದ ಗಾಡಿಗಿಂತ, ಧೂಳು ಹಿಡಿದು ನಿಂತರೂ ಒಂದೇ ಮನೆಯವರ ಕೈಯಲ್ಲಿದ್ದ ಗಾಡಿ ಎಷ್ಟೋ ಮೇಲು. ‘ಅಪರೂಪದ ಮಾದರಿ’ ಎಂದು ಬೆಲೆ ಏರಿಸುವವರು ಹೆಚ್ಚಿನ ಸಲ ರೋಡ್‌ಕಿಂಗನ್ನೇ ಮಾರುತ್ತಿರುತ್ತಾರೆ.

ತೋಟದ ಮನೆಯಲ್ಲಿ ಹಳೆಯ ಗಾಡಿ ನಿಂತಿದೆಯಂತೆ. ನೋಡಲು ಹೋದಾಗ ಏನೇನು ಗಮನಿಸಬೇಕು?

ಮೊದಲು ಎಲ್ಲಿ ನಿಂತಿದೆ ಎಂಬುದನ್ನು ನೋಡಿ. ಕೊಟ್ಟಿಗೆಯಲ್ಲಿ ದನಗಳ ಪಕ್ಕ ವರ್ಷಗಟ್ಟಲೆ ನಿಂತಿದ್ದರೆ ವೈರಿಂಗ್ ಪೂರ್ತಿ ಬದಲಿಸಲು ಸಿದ್ಧರಾಗಿ. ಗಂಜಲದಿಂದ ಏಳುವ ಅಮೋನಿಯಾ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ಅಡಿಕೆಗೆ ಔಷಧಿ ಹೊಡೆಯುವ ಸಾಮಾನಿನ ಜೊತೆ ಇಟ್ಟಿದ್ದರೆ ಇನ್ನೂ ಕಷ್ಟ. ಕೊಳೆರೋಗಕ್ಕೆ ಬಳಸುವ ಮೈಲುತುತ್ತದ ನೀರು ಕಬ್ಬಿಣದ ಮೇಲೆ ಬಿದ್ದರೆ ಅದು ಬಿದ್ದ ಜಾಗದಿಂದಲೇ ತುಕ್ಕು ಶುರು. ಮೈಲುತುತ್ತದ ಚೀಲವನ್ನು ಇದೇ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದ ಮನೆಗಳಿವೆ, ಆದ್ದರಿಂದ ಹಿಂದಿನ ಮಡ್‌ಗಾರ್ಡಿನ ಒಳಮೈಯನ್ನು ಬಗ್ಗಿ ನೋಡಿ, ಬೆರಳಿನಿಂದ ಕುಟ್ಟಿ ನೋಡಿ.

ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಒಳಗೆ ಕೆಂಪು ಪುಡಿ ಇದ್ದರೆ ತೊಳೆದು ಬಳಸಬಹುದು; ಹಾಳೆ ಹಾಳೆಯಾಗಿ ಎದ್ದಿದ್ದರೆ ಟ್ಯಾಂಕ್ ಮುಗಿಯಿತು. ಕಿಸೆಯಲ್ಲೊಂದು ಅಯಸ್ಕಾಂತ ಇರಲಿ. ಟ್ಯಾಂಕಿನ ಮೈಮೇಲೆ ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಪುಟ್ಟಿ ತುಂಬಿದ್ದಾರೆ ಎಂದರ್ಥ. ಸೈಲೆನ್ಸರಿನ ಬಾಯಿಗೆ ಕಡಜ ಮಣ್ಣಿನ ಗೂಡು ಕಟ್ಟಿರುವುದು ಸಾಮಾನ್ಯ. ಸೀಟಿನ ಕೆಳಗೆ ಇಲಿ ಸಂಸಾರ ಮಾಡಿದ್ದರೂ ಗಾಬರಿ ಬೇಡ.

ಕಿಕ್ಕರ್ ಇಳಿಯದೆ ಬಿಗಿಯಾಗಿದ್ದರೆ ದಯವಿಟ್ಟು ಅದರ ಮೇಲೆ ಹತ್ತಿ ಕುಣಿಯಬೇಡಿ. ಪಿಸ್ಟನ್ ರಿಂಗ್ ಸಿಲಿಂಡರಿಗೆ ಹಿಡಿದುಕೊಂಡಿದೆ, ಅಷ್ಟೆ. ಪ್ಲಗ್ ಬಿಚ್ಚಿ ಡೀಸೆಲ್ ಅಥವಾ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕೆಲವು ದಿನ ಹಾಗೇ ಇರಲಿ. ಆಮೇಲೆ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಹಿಂದೆ ಮುಂದೆ ಮೆಲ್ಲನೆ ಅಲುಗಿಸಿದರೆ ಹೆಚ್ಚಿನವು ಬಿಟ್ಟುಕೊಳ್ಳುತ್ತವೆ. ಕಿಕ್ಕರ್ ಇಳಿದರೂ ಹಲ್ಲು ಜಾರಿದಂತೆ ‘ಕರ್’ ಎಂದರೆ ಒಳಗಿನ ಕಿಕ್ಕರ್ ಹಲ್ಲು ಸವೆದಿದೆ. ಅದಕ್ಕೆ ಎಂಜಿನ್‌ನ ಎಡಭಾಗ ಬಿಚ್ಚುವ ಕೆಲಸವಿದೆ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕೊನೆಗೆ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ. ಆರ್‌ಸಿಯಲ್ಲಿರುವುದರ ಜೊತೆ ಒಂದೊಂದು ಅಕ್ಷರವನ್ನೂ ತಾಳೆ ನೋಡಿ. ಉಜ್ಜಿದ ಗುರುತು ಇದ್ದರೆ ಕಾಫಿ ಕುಡಿದು, ಮನೆಯವರಿಗೆ ನಮಸ್ಕಾರ ಹೇಳಿ ಹೊರಡಿ.

ಅಜ್ಜನ ಹೆಸರಿನಲ್ಲಿದ್ದ ಗಾಡಿ. ಅಜ್ಜ ಈಗ ಇಲ್ಲ. ನನ್ನ ಹೆಸರಿಗೆ ಮಾಡಿಸಿಕೊಳ್ಳುವುದು ಹೇಗೆ?

ಮಲೆನಾಡಿನಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಮಾಲೀಕರು ತೀರಿಹೋಗಿದ್ದರೆ ಫಾರಂ 31. ಅದರ ಜೊತೆ ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕಾಗುತ್ತದೆ. ಚಿಕ್ಕಪ್ಪ, ಅತ್ತೆಯಂದಿರ ಸಹಿಯನ್ನು ಗಾಡಿ ರಿಪೇರಿಗೆ ಬಿಚ್ಚುವ ಮೊದಲೇ ಹಾಕಿಸಿಕೊಳ್ಳಿ. ತುಕ್ಕು ಹಿಡಿದಿದ್ದಾಗ ಯಾರಿಗೂ ಬೇಡವಾಗಿದ್ದ ಗಾಡಿಯ ಮೇಲೆ ಬಣ್ಣ ಬಿದ್ದ ಮಾರನೆಯ ದಿನ ಎಲ್ಲರಿಗೂ ಪ್ರೀತಿ ಉಕ್ಕುತ್ತದೆ.

ಮಾಲೀಕರು ಬದುಕಿದ್ದು ಮಾರುತ್ತಿದ್ದರೆ ಫಾರಂ 29 ಮತ್ತು 30. ಬೇರೆ ಸಾರಿಗೆ ಕಚೇರಿಯ ವ್ಯಾಪ್ತಿಗೆ ತರುವುದಿದ್ದರೆ ಅದಕ್ಕೆ ಏನು ಬೇಕೆಂದು ಕೇಳಿಕೊಳ್ಳಿ. ಹೊರರಾಜ್ಯದ ಗಾಡಿಯಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರವಿಲ್ಲದೆ ಮುಂದೆ ಹೋಗಲೇಬೇಡಿ. ಆರ್‌ಸಿ ಪುಸ್ತಕ ಕಳೆದಿದ್ದರೆ ಪೊಲೀಸರಿಗೆ ದೂರು ಕೊಟ್ಟು ಫಾರಂ 26ರಲ್ಲಿ ನಕಲು ಕೇಳಬೇಕು.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಫಾರಂ 25ರಲ್ಲಿ ನವೀಕರಣ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಮೋಟಾರ್ ಸೈಕಲ್‌ನ ನವೀಕರಣ ಶುಲ್ಕವನ್ನು 2,000 ರೂಪಾಯಿಗೆ ಏರಿಸಿದೆ. ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ, ಅತಿ ಸುರಕ್ಷಿತ ನಂಬರ್ ಪ್ಲೇಟ್ ಇವೆಲ್ಲ ಬೇರೆ. ಹಳೆಯ ಪುಸ್ತಕದ ಗಾಡಿಗಳು ಎಷ್ಟೋ ಸಲ ಕಂಪ್ಯೂಟರಿನ ದಾಖಲೆಯಲ್ಲಿ ಇರುವುದೇ ಇಲ್ಲ. ಅಂಥವನ್ನು ಮೊದಲು ನೋಂದಾಯಿಸಿದ ಕಚೇರಿಯ ಕಡತದಿಂದ ಹುಡುಕಿಸಿ ಸೇರಿಸಬೇಕು. ತಾಳ್ಮೆ ಬೇಕು, ಎರಡು ಮೂರು ಸಲ ಓಡಾಟವೂ ಆಗಬಹುದು. ಮಧ್ಯವರ್ತಿ ‘ಎಲ್ಲ ನಾನು ಮಾಡಿಸಿಕೊಡುತ್ತೇನೆ’ ಎಂದು ಮುಂಗಡ ಕೇಳಿದರೆ ಕೊಡಬೇಡಿ.

ನನ್ನ ಜಾವಾಕ್ಕೆ 50 ವರ್ಷ ದಾಟಿದೆ. ವಿಂಟೇಜ್ ನೋಂದಣಿ ಮಾಡಿಸಲೇ?

2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ಗಾಡಿಗೆ ‘ವಿಎ’ ಅಕ್ಷರವಿರುವ ಪ್ರತ್ಯೇಕ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಆದರೆ ಒಮ್ಮೆ ವಿಂಟೇಜ್ ಆಯಿತೆಂದರೆ ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಸಂಜೆ ಗಾಜನೂರಿನವರೆಗೆ ಹೋಗಿ ಬರೋಣ ಎನ್ನುವಂತಿಲ್ಲ. ಓಡಿಸುವ ಮನಸ್ಸಿದ್ದವರು ಮಾಮೂಲಿ ನವೀಕರಣವನ್ನೇ ಮಾಡಿಸಿಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ. ಗಾಡಿ ಇರುವುದು ಓಡಲಿಕ್ಕೆ.

ಗೇರು ಕಾಣುತ್ತಿದೆ, ಕಿಕ್ಕರ್ ಎಲ್ಲಿ?

ಎರಡೂ ಒಂದೇ. ಎಡಗಡೆಯ ಗೇರಿನ ಸನ್ನೆಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಎಂಜಿನ್ ಹತ್ತಿಕೊಂಡ ಮೇಲೆ ಅದನ್ನು ಮತ್ತೆ ಗೇರಿನ ಜಾಗಕ್ಕೆ ಇಳಿಸಬೇಕು.

ಬೆಳಗಿನ ಚಳಿಯಲ್ಲಿ ಹತ್ತಿಸುವ ಕ್ರಮ ಹೀಗೆ: ಪೆಟ್ರೋಲ್ ಕಾಕ್ ತೆರೆಯಿರಿ. ಹಳೆಯ ಕಾರ್ಬ್ಯುರೇಟರ್ ಆದರೆ ಅದರ ಮೇಲಿನ ಸಣ್ಣ ಗುಂಡಿಯನ್ನು ಪೆಟ್ರೋಲ್ ಜಿನುಗುವವರೆಗೆ ಒತ್ತಿ ಹಿಡಿಯಿರಿ, ಹೊಸ ಬಗೆಯದಾದರೆ ಚೋಕ್ ಎತ್ತಿ. ಕೀಲಿ ಹಾಕದೆಯೇ ಎರಡು ಸಲ ನಿಧಾನವಾಗಿ ಕಿಕ್ಕರ್ ಇಳಿಸಿ. ಪೆಟ್ರೋಲ್ ಒಳಗೆ ಹೋಗಲಿ. ಈಗ ಕೀಲಿ ತಿರುಗಿಸಿ, ಕಾಲಿಗೆ ಬಿಗಿ ಸಿಗುವ ಜಾಗದಿಂದ ಒಂದೇ ಸಲ ಪೂರ್ತಿ ಒದೆಯಿರಿ. ಅರ್ಧ ಒದೆದರೆ ತಿರುಗಿ ಒದೆಯುತ್ತದೆ, ಮೀನಖಂಡಕ್ಕೆ ಬೀಳುವ ಪೆಟ್ಟು ವಾರವಿಡೀ ನೆನಪಿರುತ್ತದೆ. ಎಕ್ಸಿಲರೇಟರ್ ತಿರುಚುತ್ತ ಒದೆಯುವುದು ಸಿನಿಮಾದಲ್ಲಿ ಚೆನ್ನ, ಇಲ್ಲಿ ಪ್ಲಗ್ ನೆನೆಯುತ್ತದೆ, ಅಷ್ಟೆ.

ಇನ್ನೊಂದು ಚಮತ್ಕಾರ: ಗೇರಿನ ಸನ್ನೆ ಒತ್ತಿದಾಗ ಕ್ಲಚ್ಚು ತಾನೇ ಬಿಡುತ್ತದೆ. ಕೈಯ ಕ್ಲಚ್ಚಿಲ್ಲದೆ ಗೇರು ಬದಲಿಸಬಹುದು. ಕ್ಲಚ್ ಕೇಬಲ್ ತುಂಡಾದರೂ ಮನೆ ಸೇರಬಹುದು ಎಂಬುದು ಇದರ ನಿಜವಾದ ಲಾಭ.

ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು?

25ಕ್ಕೆ 1, ಅಂದರೆ ಲೀಟರಿಗೆ 40 ಮಿಲಿಲೀಟರ್. ಐದು ಲೀಟರ್ ಹಾಕಿಸಿದರೆ 200. ಈಗಿನ ಒಳ್ಳೆಯ ಟೂ ಸ್ಟ್ರೋಕ್ ಆಯಿಲ್‌ಗೆ ಲೀಟರಿಗೆ 30 ಮಿಲಿಲೀಟರ್ ಸಾಕು ಎನ್ನುವವರು ಬಳಗದಲ್ಲಿದ್ದಾರೆ. ಅವರ ಗಾಡಿಗಳೂ ಓಡುತ್ತಿವೆ. ಹೊಸದಾಗಿ ಬೋರ್ ಮಾಡಿಸಿದ ಎಂಜಿನ್‌ಗೆ ಮಾತ್ರ ಜುಗ್ಗತನ ಬೇಡ. ಡಬ್ಬಿಯ ಮೇಲೆ ಜಾಸೋ ಎಫ್‌ಬಿ ಅಥವಾ ಎಫ್‌ಸಿ ಎಂದಿರಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ ಆಯಿಲ್ ಇದಕ್ಕೆ ಆಗದು. ಟ್ಯಾಂಕಿಗೆ ನೇರವಾಗಿ ಸುರಿದರೆ ಕೆಳಗೆ ಕೂರುತ್ತದೆ. ಕ್ಯಾನಿನಲ್ಲಿ ಬೆರೆಸಿ, ಕುಲುಕಿ ಹಾಕಿ. ಬಂಕುಗಳಲ್ಲಿ ಬೆರೆಸಿದ ಪೆಟ್ರೋಲ್ ಸಿಗುತ್ತಿದ್ದ ಕಾಲ ಹೋಯಿತು, ಆದ್ದರಿಂದ ದೂರ ಹೊರಟಾಗ ಅಳತೆಯ ಲೋಟವೊಂದು ಟೂಲ್ ಬಾಕ್ಸಿನಲ್ಲಿರಲಿ.

ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿದರೆ ಹಾಳಾಗುತ್ತದೆಯೇ?

ಓಡುತ್ತಲೇ ಇರುವ ಗಾಡಿಗಿಂತ ನಿಂತ ಗಾಡಿಗೆ ಇದರ ಕಾಟ ಹೆಚ್ಚು. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಇರುವ ಇ20. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೆಂದರೆ ತೇವವೇ. ನೀರು ಹೆಚ್ಚಾದಾಗ ಎಥನಾಲೂ ನೀರೂ ಒಟ್ಟಿಗೆ ಬೇರ್ಪಟ್ಟು ತಳಕ್ಕಿಳಿದು ಟ್ಯಾಂಕು, ಕಾರ್ಬ್ಯುರೇಟರ್ ಎರಡನ್ನೂ ತಿನ್ನುತ್ತವೆ. ಹಳೆಯ ರಬ್ಬರ್ ಪೈಪು, ವಾಷರ್‌ಗಳನ್ನು ಈಗಿನ ಪೆಟ್ರೋಲಿಗೆ ಹೊಂದುವ ಹೊಸದಕ್ಕೆ ಬದಲಿಸಿ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಕಾರ್ಬ್ಯುರೇಟರ್ ಬಟ್ಟಲು ಖಾಲಿ ಮಾಡಿ. ಇಷ್ಟು ಮಾಡಿದವರಿಗೆ ದೊಡ್ಡ ತೊಂದರೆ ಆಗಿಲ್ಲ.

ಮಳೆಗಾಲದಲ್ಲಿ ಗಾಡಿಯನ್ನು ಹೇಗೆ ನೋಡಿಕೊಳ್ಳುವುದು?

ಬೆಂಗಳೂರಿನ ಯೆಜ್ಡಿ ಗೆಳೆಯರಿಗೆ ಈ ಪ್ರಶ್ನೆಯ ತೂಕ ಅರ್ಥವಾಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹುಲಿಕಲ್, ಬಿದನೂರು ನಗರದ ಕಡೆಯೂ ಕಡಿಮೆಯೇನಲ್ಲ. ಅಲ್ಲೆಲ್ಲ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಕ್ರೋಮ್ ಯಾವ ಲೆಕ್ಕ.

ಪ್ಲಾಸ್ಟಿಕ್ ಟಾರ್ಪಾಲು ಬಿಗಿಯಾಗಿ ಸುತ್ತುವುದು ಎಲ್ಲರೂ ಮಾಡುವ ಕೆಲಸ, ಮಾಡಲೇಬಾರದ ಕೆಲಸ. ಒಳಗಿನ ತೇವ ಒಳಗೇ ಬೆವರಿ ಗಾಡಿಯನ್ನು ತಿನ್ನುತ್ತದೆ. ಸೂರಿನ ಕೆಳಗೆ, ಗಾಳಿ ಆಡುವ ಕಡೆ ನಿಲ್ಲಿಸಿ ಹಳೆಯ ಹತ್ತಿ ಸೀರೆಯೋ ಬೆಡ್‌ಶೀಟೋ ಹೊದಿಸಿ. ಬಚ್ಚಲು ಒಲೆಯ ಹಿಂದಿನ ಗೋಡೆಯ ಬದಿ ಜಾಗವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆ ಗೋಡೆ ಮಳೆಗಾಲದಲ್ಲೂ ಬೆಚ್ಚಗಿರುತ್ತದೆ. ರಿಮ್ಮು, ಕಡ್ಡಿ, ಸೈಲೆನ್ಸರ್‌ಗಳಿಗೆ ತೆಳುವಾಗಿ ಎಣ್ಣೆ ಸವರಿ. ಟ್ಯಾಂಕು ಅರ್ಧ ಖಾಲಿ ಇದ್ದರೆ ಒಳಗೋಡೆ ಬೆವರುತ್ತದೆ. ಓಡಿಸುವವರು ತುಂಬಿಸಿಡಿ, ಮಳೆಗಾಲ ಪೂರ್ತಿ ನಿಲ್ಲಿಸುವವರು ಬರಿದು ಮಾಡಿ ಒಳಗೆ ಟೂ ಸ್ಟ್ರೋಕ್ ಆಯಿಲ್ ಆಡಿಸಿಡಿ.

ವಾರಕ್ಕೊಮ್ಮೆ ಅಂಗಳದಲ್ಲಿ ಎರಡು ನಿಮಿಷ ‘ಚಾಲೂ ಮಾಡಿ’ ನಿಲ್ಲಿಸುವವರೂ ಇದ್ದಾರೆ. ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಸೈಲೆನ್ಸರ್ ಒಳಗೆ ನೀರು, ಆಯಿಲ್ ಕೂಡಿಕೊಂಡು ಕೂರುತ್ತವೆ. ಹೊರಡುವುದಿದ್ದರೆ ಎಂಜಿನ್ ಚೆನ್ನಾಗಿ ಕಾಯುವಷ್ಟು ದೂರ, ಹತ್ತು ಹದಿನೈದು ಕಿಲೋಮೀಟರ್ ಹೋಗಿ ಬನ್ನಿ.

ಮಳೆಯಲ್ಲಿ ದಾರಿ ಮಧ್ಯೆ ನಿಂತರೆ ಮೊದಲು ಪ್ಲಗ್ಗಿನ ಟೋಪಿ, ಆಮೇಲೆ ಬಲಗಡೆಯ ಮುಚ್ಚಳದ ಒಳಗಿನ, ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್. ಒಣಬಟ್ಟೆಯಿಂದ ಒರೆಸಿ, ಪಾಯಿಂಟಿನ ಸಂದು 0.4 ಮಿಲಿಮೀಟರ್ ಆಸುಪಾಸಿನಲ್ಲಿದೆಯೇ ನೋಡಿ. ಒಣಬಟ್ಟೆ ಎಲ್ಲಿಂದ ತರುವುದು ಎಂಬುದು ನ್ಯಾಯವಾದ ಪ್ರಶ್ನೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೀಟಿನ ಕೆಳಗೆ ಮೊದಲೇ ಇಟ್ಟಿರಬೇಕು. ನಮ್ಮ ಅದೃಷ್ಟಕ್ಕೆ ಹಿಂದಿನ ಚೈನಿಗೆ ಪೂರ್ತಿ ಮುಚ್ಚಿದ ಪೆಟ್ಟಿಗೆಯಿದೆ, ಕೆಸರು ಚೈನಿನ ತಂಟೆಗೆ ಬರುವುದಿಲ್ಲ. ಜೆಕ್ ಎಂಜಿನಿಯರ್‌ಗಳು ಹೊಸನಗರದ ರಸ್ತೆ ನೋಡಿರಲಿಲ್ಲ, ಆದರೂ ನೋಡಿದವರಂತೆ ಮಾಡಿದ್ದಾರೆ.

ವಿಪರೀತ ಹೊಗೆ. ಎಂಜಿನ್ ಹೋಯಿತೇ?

ಟೂ ಸ್ಟ್ರೋಕ್ ಎಂದ ಮೇಲೆ ಸ್ವಲ್ಪ ಹೊಗೆ ಇದ್ದದ್ದೇ. ಬೆಳ್ಳಗೆ ದಟ್ಟವಾಗಿ, ಕಾದ ಮೇಲೂ ಬಿಡದೆ ಬರುತ್ತಿದ್ದರೆ ಗೇರ್ ಆಯಿಲ್ ಮಟ್ಟ ನೋಡಿ. ಅದೂ ಇಳಿಯುತ್ತಿದ್ದರೆ ಎಡಗಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಸವೆದು ಎಂಜಿನ್ ಗೇರ್ ಆಯಿಲನ್ನು ಹೀರುತ್ತಿದೆ. ಬಲಗಡೆಯ ಸೀಲ್ ಹೋಗಿದ್ದರೆ ಲಕ್ಷಣ ಬೇರೆ: ಹೊಗೆ ಹೆಚ್ಚಾಗುವುದಿಲ್ಲ, ಗಾಳಿ ಒಳನುಗ್ಗಿ ಎಂಜಿನ್ ತಾನಾಗಿಯೇ ಏರಿಳಿಯುತ್ತದೆ. ಇದನ್ನು ನಿರ್ಲಕ್ಷಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಆದ್ದರಿಂದ ಹೊಗೆಗಿಂತ ಇದೇ ಅಪಾಯ. ಗಾಡಿ ಎಳೆಯುತ್ತಿಲ್ಲ, ಸದ್ದು ಮಂಕಾಗಿದೆ ಎಂದರೆ ಸೈಲೆನ್ಸರಿನ ಒಳಕೊಳವೆ ಮತ್ತು ಎಂಜಿನ್‌ನ ಹೊಗೆಬಾಯಿಯಲ್ಲಿ ಮಸಿ ಕಟ್ಟಿದೆ, ಬಿಚ್ಚಿ ಕೆರೆಯಿರಿ.

ಬಿಡಿಭಾಗ ಎಲ್ಲಿ ಸಿಗುತ್ತವೆ? ಯಾರ ಹತ್ತಿರ ರಿಪೇರಿ ಮಾಡಿಸುವುದು?

ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಮೈಸೂರಿನ ಹಳೆಯ ಅಂಗಡಿಗಳು: ಎಲ್ಲರೂ ಹೋಗುವ ದಾರಿ ಇದು. ಕೇಬಲ್, ರಬ್ಬರ್, ಸೀಲ್, ಪಿಸ್ಟನ್, ಸೈಲೆನ್ಸರ್‌ಗಳನ್ನು ಈಗಲೂ ಹೊಸದಾಗಿ ಮಾಡುವವರಿದ್ದಾರೆ. ಗುಣಮಟ್ಟ ಒಂದೊಂದರದು ಒಂದೊಂದು ಥರ. ಕ್ರೋಮ್ ಹೊಳಪು ನೋಡಿ ಸೈಲೆನ್ಸರ್ ಕೊಂಡರೆ ಮೊದಲ ಮಳೆಗೇ ಅದರ ಬಣ್ಣ ಬಯಲಾಗುತ್ತದೆ. ಕಂಪನಿಯ ಹಳೆಯ ದಾಸ್ತಾನಿನ ಸಾಮಾನು ಕಂಡರೆ, ಈಗ ಬೇಡವಾದರೂ, ಕೊಂಡಿಡಿ.

ಸಿಗದೇ ಇರುವುದಕ್ಕೆ ಲೇತ್ ಇದೆ. ಬುಷ್, ಪಿನ್ನು, ಸ್ಪೇಸರ್‌ಗಳನ್ನು ಹಳೆಯದರ ಅಳತೆ ಹಿಡಿದು ಮಾಡಿಕೊಡುವ ಕೈಗಳು ಶಿವಮೊಗ್ಗ, ಭದ್ರಾವತಿಯಲ್ಲಿ ಇನ್ನೂ ಇವೆ. ಸವೆದ ತುಂಡನ್ನು ಎಸೆಯದೆ ಒಯ್ಯಿರಿ. ಅಳತೆಗೆ ಅದೇ ಆಧಾರ.

ಮೆಕ್ಯಾನಿಕ್ ವಿಷಯದಲ್ಲಿ ಒಂದೇ ಪರೀಕ್ಷೆ. ಗಾಡಿ ಕಂಡ ಕೂಡಲೇ ‘ಎಲ್ಲ ಬಿಚ್ಚಬೇಕು’ ಎನ್ನುವವರನ್ನು ಬಿಡಿ. ಮೊದಲು ಕಿವಿಗೊಟ್ಟು ಸದ್ದು ಕೇಳುವವರನ್ನು ಹಿಡಿಯಿರಿ. ಯೆಜ್ಡಿ ಬಲ್ಲ ಹಿರಿಯ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ, ಅವರ ಬಳಿ ಕೆಲಸ ಕಲಿತ ಹುಡುಗರು ಬುಲೆಟ್ ಕಡೆಗೋ ಸ್ಕೂಟರ್ ಕಡೆಗೋ ಹೋಗಿದ್ದಾರೆ. ಆದ್ದರಿಂದ ಗಾಡಿ ಬಿಟ್ಟು ಮನೆಗೆ ಹೋಗಬೇಡಿ. ಪಕ್ಕದಲ್ಲಿ ಕುಳಿತು ನೋಡಿ, ಸ್ಪ್ಯಾನರ್ ಎತ್ತಿಕೊಡಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ, ಕೇಳಿದಷ್ಟು ಕೂಲಿ ಕೊಡಿ. ಸಾವಿರಗಟ್ಟಲೆ ಕೊಟ್ಟು ಸೀಟು ಹೊಲಿಸುವವರು ಮೇಸ್ತ್ರಿಯ ಕೂಲಿಯಲ್ಲಿ ಚೌಕಾಸಿ ಮಾಡುವುದನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ.

ಘಾಟಿ ಹತ್ತುತ್ತದೆಯೇ?

ಆರಾಮವಾಗಿ. ಚಿಂತೆ ಇಳಿಯುವಾಗ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಎಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನ ತಡೆಯ ಮೇಲೆ ಇಳಿದರೆ ಎಂಜಿನ್ ವೇಗವಾಗಿ ಸುತ್ತುತ್ತಿರುತ್ತದೆ, ಪೆಟ್ರೋಲ್ ಒಳಗೆ ಹೋಗುವುದಿಲ್ಲ. ಆಯಿಲ್ ಇರುವುದು ಪೆಟ್ರೋಲಿನಲ್ಲೇ ಆದ್ದರಿಂದ ಆಯಿಲೂ ಹೋಗುವುದಿಲ್ಲ. ನಡುನಡುವೆ ಕ್ಲಚ್ಚು ಹಿಡಿದು ಒಂದೆರಡು ಸಲ ಎಕ್ಸಿಲರೇಟರ್ ಕೊಡುತ್ತಿರಿ. ನಾಲ್ಕು ಸ್ಟ್ರೋಕಿನ ಗಾಡಿ ಓಡಿಸಿ ಬಂದವರಿಗೆ ಇದು ತಿಳಿದಿರುವುದಿಲ್ಲ. ಬ್ರೇಕು ಎರಡೂ ಡ್ರಮ್. ನೀರು ಹೋಗಿದ್ದರೆ ಇಳಿಜಾರಿಗೆ ಮುನ್ನ ಮೆಲ್ಲಗೆ ಒತ್ತಿ ಓಡಿಸಿ ಒಣಗಿಸಿಕೊಳ್ಳಿ. ಮುಂದಿನ ಬಸ್ಸಿಗೆ ಅಂಟಿಕೊಂಡು ಇಳಿಯಬೇಡಿ.

ಸೈಲೆನ್ಸರಿನ ಒಳಕೊಳವೆ ತೆಗೆದು ಜೋರು ಸದ್ದು ಮಾಡಿಸಬಹುದೇ?

ಬೇಡ. ದಂಡ ಬೀಳುತ್ತದೆ, ಎಂಜಿನ್ ಎಳೆತವೂ ಕಡಿಮೆಯಾಗುತ್ತದೆ. ಆಗುಂಬೆ ಘಾಟಿ ಸೋಮೇಶ್ವರ ಅಭಯಾರಣ್ಯದೊಳಗೆ ಹಾದುಹೋಗುತ್ತದೆ, ತೀರ್ಥಹಳ್ಳಿ ರಸ್ತೆಯಲ್ಲಿ ಸಕ್ರೆಬೈಲಿನ ಆನೆಬಿಡಾರವಿದೆ, ಮಂಡಗದ್ದೆಯಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಅಲ್ಲಿ ಕಿವಿ ಕಿತ್ತುಹೋಗುವಂತೆ ಓಡಿಸುವವರು ನಮ್ಮ ಜೊತೆ ಬರುವುದೇ ಬೇಡ.

ಹೆಣ್ಣುಮಕ್ಕಳು ಓಡಿಸಬಹುದೇ?

ಓಡಿಸುತ್ತಿದ್ದಾರೆ. ಈ ಪ್ರಶ್ನೆ ಕೇಳುವವರು ಯಾವಾಗಲೂ ಗಂಡಸರೇ.

ಹೊಸ ಯೆಜ್ಡಿ ಇದೆ. ಸೇರಿಸಿಕೊಳ್ಳುತ್ತೀರಾ? ಯಮಹಾ ಆರ್‌ಎಕ್ಸ್ 100 ಇರುವವರನ್ನು?

ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಮರಳಿ ತಂದಿತು. ಅವು ನಾಲ್ಕು ಸ್ಟ್ರೋಕಿನ, ನೀರಿನಿಂದ ತಂಪಾಗುವ ಎಂಜಿನ್‌ನ, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುವ ಗಾಡಿಗಳು. ಹೆಸರು ಬಿಟ್ಟರೆ ನಂಟು ಕಡಿಮೆ. ಆದರೂ ಬನ್ನಿ, ನಮ್ಮ ಗಾಡಿ ಕೆಟ್ಟಾಗ ಹಿಂದೆ ಕೂರಿಸಿಕೊಂಡು ಹೋಗಲು ಯಾರಾದರೂ ಬೇಕಲ್ಲ. ಆರ್‌ಎಕ್ಸ್ 100ರವರಿಗೂ ಸ್ವಾಗತ, ‘ನಮ್ಮದೇ ವೇಗ’ ಎಂಬ ವಾದವನ್ನು ಚಹಾ ಅಂಗಡಿಯಲ್ಲೇ ಮುಗಿಸಿ ಬಂದರೆ.

ಬಳಗ ಸೇರುವುದು ಹೇಗೆ? ಸವಾರಿ ಯಾವಾಗ?

ಶುಲ್ಕವಿಲ್ಲ, ಜಾಕೀಟಿಲ್ಲ, ಅಧ್ಯಕ್ಷರಿಲ್ಲ. ಗಾಡಿ ಹತ್ತಿಸಿಕೊಂಡು ಬಂದರೆ ಸೇರಿದಂತೆ. ಹತ್ತದಿದ್ದರೆ ಹೇಳಿ, ನಾವೇ ಬರುತ್ತೇವೆ. ಅದರಲ್ಲೇ ಹೆಚ್ಚು ಖುಷಿ.

ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ಯೆಜ್ಡಿ ದಿನ. ಬೆಂಗಳೂರು, ಮೈಸೂರಿನಲ್ಲಿ ಗಾಡಿಗಳು ಸಾಲಾಗಿ ನಿಲ್ಲುತ್ತವೆ, ಫೋಟೊ, ಭಾಷಣ ಎಲ್ಲ ಆಗುತ್ತದೆ. ನಮಗೆ ಅದು ಪುನರ್ವಸು ಮಳೆಯ ಕಾಲ. ದಿನ ಗೊತ್ತುಮಾಡಿದವರು ಮಲೆನಾಡಿನವರಲ್ಲ ಎಂಬುದು ಸ್ಪಷ್ಟ. ಹಾಗೆಂದು ನಾವು ಬಿಡುವುದಿಲ್ಲ, ಚಿಕ್ಕದಾಗಿ, ತೀರ್ಥಹಳ್ಳಿಯವರೆಗೆ ಹೋಗಿ ಬಿಸಿ ಪತ್ರೊಡೆಯೋ ಕಡುಬೋ ಸಿಕ್ಕರೆ ತಿಂದು, ಒದ್ದೆ ಮುದ್ದೆಯಾಗಿ ಮರಳುತ್ತೇವೆ.

ದೊಡ್ಡ ಸವಾರಿ ದೀಪಾವಳಿಯ ನಂತರ. ಅಡಿಕೆ ಕೊಯ್ಲು ಇರುವವರಿಗೆ ಬಿಡುವು ನೋಡಿಕೊಂಡೇ ದಿನ ಗೊತ್ತುಮಾಡುತ್ತೇವೆ. ಜೋಗ, ಕೊಲ್ಲೂರು, ಕವಲೇದುರ್ಗ ಮಾಮೂಲಿ ದಾರಿಗಳು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನ ಸೇತುವೆ ಆದ ಮೇಲೆ ಸಿಗಂದೂರಿಗೆ ನೇರ ಓಡಿಸಬಹುದು. ಅನುಕೂಲವೇನೋ ಹೌದು. ಲಾಂಚಿನ ಮೇಲೆ ಗಾಡಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಹರಟೆ ಹೊಡೆಯುತ್ತಿದ್ದ ಅರ್ಧ ಗಂಟೆ ಮಾತ್ರ ಹೋಯಿತು.

ಸವಾರಿಯ ನಿಯಮ ಒಂದೇ: ಯಾರ ಗಾಡಿ ನಿಂತರೂ ಎಲ್ಲರೂ ನಿಲ್ಲುತ್ತಾರೆ. ನಮ್ಮ ಸವಾರಿಗಳು ಸಮಯಕ್ಕೆ ಸರಿಯಾಗಿ ಮುಗಿಯದಿರಲು ಕಾರಣವೂ ಅದೇ.

ಮನೆಯಲ್ಲಿ ಒಪ್ಪುತ್ತಿಲ್ಲ. ಏನು ಮಾಡಲಿ?

ಲೀಟರಿಗೆ 25ರಿಂದ 30 ಕಿಲೋಮೀಟರ್ ಕೊಡುವ, ಅಂಗಳದಲ್ಲಿ ಎಣ್ಣೆ ಚೆಲ್ಲುವ ಗಾಡಿಯನ್ನು ಮನೆಯವರು ಒಪ್ಪದಿದ್ದರೆ ತಪ್ಪು ಅವರದಲ್ಲ. ಎಂಜಿನ್ ಕೆಳಗೊಂದು ಅಡಿಕೆ ಹಾಳೆ ಇಡಿ, ಅಂಗಳ ಉಳಿಯುತ್ತದೆ. ಖರ್ಚನ್ನು ಮುಚ್ಚಿಡಬೇಡಿ. ಒಂದು ಸಂಜೆ ಮಾವನವರನ್ನೋ ಅಪ್ಪನನ್ನೋ ಹಿಂದೆ ಕೂರಿಸಿಕೊಂಡು ಹೋಗಿ ಬನ್ನಿ. ಆ ತಲೆಮಾರಿನ ಗಂಡಸರಲ್ಲಿ ಈ ಗಾಡಿಯ ಮೇಲೊಂದು ಕಥೆ ಇಲ್ಲದವರು ವಿರಳ, ಅರ್ಧ ವಾದವನ್ನು ಅವರೇ ಗೆದ್ದುಕೊಡುತ್ತಾರೆ.

ಇನ್ನು ನನ್ನಿಂದ ಸಾಕಲು ಆಗುವುದಿಲ್ಲ. ಮಾರುವಾಗ ಏನು ನೋಡಬೇಕು?

ಮೊದಲು ಬಳಗಕ್ಕೆ ತಿಳಿಸಿ. ಗಾಡಿ ಜಿಲ್ಲೆಯಲ್ಲೇ ಉಳಿದರೆ ಅದರ ಗುಣದೋಷ ಬಲ್ಲವರೂ ಹತ್ತಿರದಲ್ಲೇ ಇರುತ್ತಾರೆ. ತುಂಡು ತುಂಡು ಮಾಡಿ ಬಿಡಿಭಾಗವಾಗಿ ಮಾರುವವರು ಹೆಚ್ಚು ದುಡ್ಡು ಹೇಳುತ್ತಾರೆ. ಅವರಿಗೆ ಕೊಡುವುದು ಬಿಡುವುದು ನಿಮ್ಮ ಇಷ್ಟ, ನಮ್ಮನ್ನು ಕೇಳಿದರೆ ಬೇಡ ಎನ್ನುತ್ತೇವೆ. ಕೂಡಿಟ್ಟ ಸಾಮಾನು, ಹಳೆಯ ಟೂಲ್ ಕಿಟ್, ರಿಪೇರಿ ಚೀಟಿಗಳನ್ನೂ ಗಾಡಿಯ ಜೊತೆಗೇ ಕೊಡಿ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೊಂಡವರ ಕೈಗೆ ಕೊಟ್ಟು ಮರೆಯಬೇಡಿ; ಕಚೇರಿಗೆ ಜೊತೆಯಲ್ಲೇ ಹೋಗಿ. ಹೆಸರು ಬದಲಾಗುವವರೆಗೆ ಅವರು ಹೆಲ್ಮೆಟ್ ಇಲ್ಲದೆ ಓಡಿಸಿದ ದಂಡವೆಲ್ಲ ನಿಮ್ಮ ಹೆಸರಿಗೇ ಬರುತ್ತದೆ.